ಜೂನ್ ಒಂದರವರು

ನವೆಂಬರ್ 3, ಸೋಮವಾರ

ಬೆಳಿಗ್ಗೆಯೇ ಕೋಪ ಬಂತು. ಕೋಪ ಬಂದರೆ ನನಗೆ ಹಸಿವು ಚೆನ್ನಾಗಿ ಆಗುತ್ತದೆ. ಯಶೋದ ಹಾಕಿಕೊಟ್ಟ ಅಕ್ಕಿರೊಟ್ಟಿ ಲೆಕ್ಕವಿಲ್ಲದೆ ತಿಂದೆ.

ನಮ್ಮ ಆರ್‌ಪಿಸಿ ಲೇಔಟಿನ ಮೈದಾನದಲ್ಲಿ ಖೋಖೋ ಆಡುವ ಹುಡುಗಿಯರ ವಿಷಯ. ಪ್ರತಿ ರಾಜ್ಯೋತ್ಸವದ ತಿಂಗಳಲ್ಲೂ ಸುತ್ತಲಿನ ಬಡಾವಣೆಗಳ ನಡುವೆ ಹದಿನಾಲ್ಕರೊಳಗಿನ ಹುಡುಗಿಯರ ಪಂದ್ಯಾವಳಿ ನಡೆಯುತ್ತದೆ. ಈ ಸಲ 23ನೇ ತಾರೀಕು. ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಅವರಿಗೆ ಆಟ ಹೇಳಿಕೊಡುವ ರೇವಂತ್ ಬಂದು ಮೊಬೈಲಿನಲ್ಲಿ ನಿಯಮಾವಳಿ ತೋರಿಸಿದ. '2011ರ ಜೂನ್ 1ರ ನಂತರ ಹುಟ್ಟಿದವರಿಗೆ ಮಾತ್ರ ಅವಕಾಶ.'

"ಸರಿ ಇದೆಯಲ್ಲಪ್ಪ. ಏನೀಗ?" ಅಂದೆ.

"ನಮ್ಮ ಕಲಾವತಿದು ಜೂನ್ ಒಂದು ಸಾರ್. ಅದೇ ವರ್ಷ."

"ಅಂದ್ರೆ?"

"ಒಂದು ದಿನಕ್ಕೆ ಔಟ್ ಸಾರ್."

ಕಲಾವತಿ ತಂಡದ ನಾಯಕಿ. ಕೊಪ್ಪಳದ ಕಡೆಯವಳು, ಅಪ್ಪ ಅಮರೇಶ ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಗುಬ್ಬಿಯಷ್ಟಿದ್ದಾಳೆ. ಓಡುವಾಗ ಕಂಬದ ಹತ್ತಿರ ಹೇಗೆ ತಿರುಗುತ್ತಾಳೆ ಅಂದರೆ ಹಿಂದೆ ಬಿದ್ದವರು ಕಂಬವನ್ನೇ ಅಪ್ಪಿಕೊಂಡು ನಿಂತಿರುತ್ತಾರೆ. ಇವತ್ತು ಅದೇ ಕಂಬಕ್ಕೆ ಒರಗಿ ಹುಲ್ಲು ಕೀಳುತ್ತ ಕೂತಿದ್ದಳು. ಈ ವರ್ಷ ಆಡದಿದ್ದರೆ ಅವಳ ಆಟ ಮುಗಿದಂತೆಯೇ. ಹದಿನೇಳರೊಳಗಿನ ತಂಡ ಈ ಸುತ್ತಮುತ್ತ ಎಲ್ಲೂ ಇಲ್ಲ. ಹತ್ತನೇ ಕ್ಲಾಸು ಬಂದರೆ ಹುಡುಗಿಯರನ್ನು ಮೈದಾನದಿಂದ ಎಬ್ಬಿಸಿ ಟ್ಯೂಷನ್ನಿಗೆ ಕೂರಿಸುತ್ತಾರೆ.

ಜೂನ್ ಒಂದು! ಅದು ಯಾರ ಹುಟ್ಟುಹಬ್ಬ? ಮೇಷ್ಟ್ರ ಹುಟ್ಟುಹಬ್ಬ. ಹುಟ್ಟಿದ ದಿನ ಗೊತ್ತಿಲ್ಲದೆ ಬಂದ ಮಕ್ಕಳಿಗೆಲ್ಲ ಶಾಲೆ ತೆರೆಯುವ ಆ ದಿನವನ್ನೇ ಬರೆದುಕೊಳ್ಳುತ್ತಿದ್ದರು. ನನ್ನನ್ನು ಸೇರಿಸಿದ ದಿನ ನೆನಪಿದೆ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅಂದರು. ಮುಟ್ಟಿತು. "ಆರು ವರ್ಷ ಆಗಿದೆ" ಎಂದು ಬರೆದರು. ದೇವೇಂದ್ರಪ್ಪ, ಜೂನ್ ಒಂದು. ನಾನು ಹುಟ್ಟಿದ್ದು ಆಷಾಢದಲ್ಲಿ ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಆದರೂ ಗ್ರಂಥಾಲಯದಿಂದ ನಿವೃತ್ತಿಯಾಗಿದ್ದು ಆ ಮೇಷ್ಟ್ರ ಲೆಕ್ಕದಂತೆಯೇ.

ಬಿಡುವುದಿಲ್ಲ ಇದನ್ನು.

ನವೆಂಬರ್ 5, ಬುಧವಾರ

ಪಂದ್ಯಾವಳಿಯ ಸಂಚಾಲಕ ಸಂಪತ್‌ಗೆ ಫೋನ್ ಮಾಡಿದೆ. ಬ್ಯಾಂಕಿನವನು. ಮಾತಿಗೆ ಮುಂಚೆ "ರೂಲ್ಸ್ ಪ್ರಕಾರ" ಅನ್ನುತ್ತಾನೆ.

"ಸಾರ್, ಎಲ್ಲಾದ್ರೂ ಒಂದು ಗೆರೆ ಎಳೀಲೇಬೇಕಲ್ವಾ?"

"ಎಳೀರಿ ಸ್ವಾಮಿ, ಬೇಡ ಅಂದವರು ಯಾರು? ಅರ್ಧ ಕರ್ನಾಟಕ ನಿಂತಿರೋ ಜಾಗದಲ್ಲೇ ಯಾಕೆ ಎಳೀತೀರಿ?"

ಅವನಿಗೆ ಅರ್ಥವಾಗಲಿಲ್ಲ. ಭಾನುವಾರ ಸಭೆ ಇದೆ, ಬನ್ನಿ ಅಂದ.

ಕಳೆದ ವರ್ಷದ್ದು ನಾನು ಮರೆತಿಲ್ಲ. ಫೈನಲ್‌ನಲ್ಲಿ ನಮ್ಮವರನ್ನು ಸೋಲಿಸಿದ ಶ್ರೀಗಂಧದ ಕಾವಲ್ ತಂಡದಲ್ಲಿ ಒಬ್ಬ ಎತ್ತರದ ಹುಡುಗಿಯಿದ್ದಳು, ಶೈಲಾ. ನನ್ನ ಕಿವಿಯವರೆಗೆ ಬರುತ್ತಿದ್ದಳು. ಹನ್ನೆರಡು ವರ್ಷವಂತೆ! ಅಂಥವಳು ಗೆರೆಯ ಒಳಗೆ, ನಮ್ಮ ಗುಬ್ಬಿ ಹೊರಗೆ. ಇದು ಯಾವ ನ್ಯಾಯ? ಈ ಸಲ ಅವಳ ದಾಖಲೆ ಕೇಳಲೇಬೇಕು.

ಯಶೋದ ಕೇಳಿದಳು: "ಜೂನ್‌ನಲ್ಲಿ ಆ ಹುಡುಗೀರು ಧೂಳೆಬ್ಬಿಸ್ತಾರೆ ಅಂತ ಪಾಲಿಕೆಗೆ ದೂರು ಕೊಟ್ಟವರು ಯಾರು?"

ಅದು ಬೇರೆ ವಿಷಯ.

ನವೆಂಬರ್ 9, ಭಾನುವಾರ

ಗೆದ್ದೆ. ಪೂರ್ತಿ ಬರೆದಿಡುತ್ತೇನೆ.

ಸಭೆ ತಿಮ್ಮಯ್ಯನವರ ಮನೆಯ ಕೆಳಗಿನ ಹಾಲ್‌ನಲ್ಲಿ. ತಿಮ್ಮಯ್ಯ ಇಲ್ಲಿಯ ಹಳೆಯ ಊರಿನವರು. ನಾವೆಲ್ಲ ಮನೆ ಕಟ್ಟಿಕೊಂಡಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಪಂದ್ಯಾವಳಿಯ ಖರ್ಚೆಲ್ಲ ಅವರದ್ದೇ. ಅವರ ಮೊಮ್ಮಗಳು ಚೈತ್ರ ನಮ್ಮ ತಂಡದಲ್ಲೇ ಆಡುತ್ತಾಳೆ. ಹನ್ನೆರಡು ತುಂಬಿದೆ, ಕಲಾವತಿಗಿಂತ ಒಂದು ಗೇಣು ಎತ್ತರ. ಇಬ್ಬರೂ ಬಾಗಿಲ ಬಳಿ ರೇವಂತ್ ಪಕ್ಕದಲ್ಲಿ ನಿಂತಿದ್ದರು.

ಸಂಪತ್ ನಿಯಮ ಓದಿದ. ನಾನು ಎದ್ದೆ. ಅಷ್ಟರಲ್ಲಿ ಬಸವೇಶ್ವರನಗರದ ಒಬ್ಬರು, "ವಯಸ್ಸಿನ ತಲೆನೋವೇ ಬೇಡ, ಕ್ಲಾಸ್ ಪ್ರಕಾರ ಇಡೋಣ. ಎಂಟನೇ ಕ್ಲಾಸ್‌ವರೆಗೆ ಯಾರು ಬೇಕಾದ್ರೂ ಆಡಲಿ" ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಆಟಕ್ಕೋಸ್ಕರ ಮಕ್ಕಳನ್ನು ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸುವ ತಂದೆತಾಯಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಓದುವಾಗ ಇದ್ದ ಪದ್ಧತಿಯನ್ನೂ ಹೇಳಿದೆ. ಎತ್ತರ, ತೂಕ, ವಯಸ್ಸು ಮೂರನ್ನೂ ಕೂಡಿಸಿ, ಮೊತ್ತ ಇಷ್ಟರೊಳಗಿದ್ದರೆ ಆಡಬಹುದು ಅನ್ನುತ್ತಿದ್ದರು. ಪಂದ್ಯದ ಹಿಂದಿನ ದಿನ ಹುಡುಗರು ಊಟ ಬಿಡುತ್ತಿದ್ದರು. ಅದೂ ನ್ಯಾಯವಲ್ಲ.

"ಹಾಗಾದ್ರೆ ನಿಮ್ಮ ಪ್ರಕಾರ ಯಾವುದು ನ್ಯಾಯ ಸಾರ್?" ಎಂದ ಸಂಪತ್.

"ಮಗು ನಿಜವಾಗಿ ಹುಟ್ಟಿದ ದಿನ ಲೆಕ್ಕಕ್ಕೆ ಬರಬೇಕು. ಮೇಷ್ಟ್ರು ಬರೆದ ದಿನ ಅಲ್ಲ."

ಚೆನ್ನಾಗಿ ಹೇಳಿದೆ. ನನಗೇ ಮೈ ಜುಮ್ಮೆಂದಿತು. ಆಮೇಲೆ ಕೇಳಿದೆ: "ಈ ಹಾಲ್‌ನಲ್ಲಿ ಜೂನ್ ಒಂದಕ್ಕೆ ಹುಟ್ಟಿದವರು ಕೈ ಎತ್ತಿ, ನೋಡೋಣ."

ನಾನು ಎತ್ತಿದೆ. ಕೆಂಗೇರಿಯಿಂದ ಬಂದಿದ್ದ ಅಂಜನಮ್ಮ ಟೀಚರ್ ನಗುತ್ತ ಎತ್ತಿದರು. ಹಿಂದಿನ ಸಾಲಿನಲ್ಲಿ ಒಂದು, ಕಿಟಕಿಯ ಹತ್ತಿರ ಎರಡು. ಕೊನೆಗೆ ತಿಮ್ಮಯ್ಯನವರು ಕೋಲು ಸಮೇತ ಕೈ ಎತ್ತಿದರು.

"ನಂದೂ ಅದೇ ಕಣಪ್ಪಾ. ಸೀನಿಯರ್ ಸಿಟಿಜನ್ ಕಾರ್ಡ್ನಾಗೂ ಅದೇ ಬಂದದೆ. ನಮ್ಮವ್ವ ಕೇಳಿದ್ರೆ ರಾಗಿ ಕೊಯ್ಲಿನಾಗ ಹುಟ್ದೆ ಅಂತಿದ್ಲು."

ಹಾಲ್ ತುಂಬ ನಗು. ಸಂಪತ್ ಕೂಡ ನಕ್ಕ. ಅವನು ಆಸ್ಪತ್ರೆಯಲ್ಲಿ ಹುಟ್ಟಿದವನು, ಪಾಪ, ಮಾರ್ಚಿನವನು. 'ಜೂನ್ 1ರ ನಂತರ' ಇದ್ದದ್ದು 'ಜೂನ್ 1 ಮತ್ತು ನಂತರ' ಎಂದಾಯಿತು.

ಬಾಗಿಲ ಬಳಿ ಕಲಾವತಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು. ಚೈತ್ರ ಅವಳ ಬೆನ್ನಿಗೆ ಗುದ್ದಿ, "ಲೇ ಕಲಾ, ಪಾರ್ಟಿ ಕೊಡೇ!" ಅಂದಳು.

ನವೆಂಬರ್ 10, ಸೋಮವಾರ

ಇದನ್ನು ಹೇಗೆ ಬರೆಯುವುದು?

ಸಂಜೆ ಕಲಾವತಿಯ ಮನೆಗೆ ಹೋಗಿದ್ದೆ. ಅಮರೇಶನೇ ಕರೆದಿದ್ದ. ಎರಡು ಬೀದಿ ಆಚೆ, ಮೂರನೇ ಮಹಡಿಯ ಮೇಲೆ ಶೀಟಿನ ಮನೆ. ಅವನು ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅವನ ತಾಯಿ ದುರ್ಗವ್ವ ಚಾಪೆ ಹಾಸಿ, ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ ಕೊಟ್ಟರು. ಕಲಾವತಿ ಬಟ್ಟೆ ಮಡಿಸುತ್ತ ಕೂತಿದ್ದಳು.

"ಭಾಳ ಉಪಕಾರ ಆತ್ರೀ ಸಾಹೇಬ್ರ. ಆ ಒಂದನೇ ತಾರೀಖು ಸಾಲಿ ಮಾಸ್ತರು ಬರದದ್ದು. ನಮ್ಮಾಕಿ ಹುಟ್ಟಿದ್ದು ಕಾರಹುಣ್ಣಿಮಿ ದಿನ. ಓಣ್ಯಾಗ ಎತ್ತು ಓಡಿಸ್ತಿದ್ರು, ಒಳಗ ಇಕಿ ಹುಟ್ಟಿದ್ಲು. ಅದಕ್ಕs ಇಷ್ಟು ಓಡ್ತಾಳ!"

ನನಗೆ ಹಿಗ್ಗು. ಆ ವರ್ಷದ ಕಾರಹುಣ್ಣಿಮೆ ನನಗೆ ಚೆನ್ನಾಗಿ ನೆನಪಿದೆ. ಜೂನ್ ಮಧ್ಯದಲ್ಲಿ ಬಂದಿತ್ತು, ಅಂದು ಚಂದ್ರಗ್ರಹಣ. ತಾರಸಿಯಲ್ಲಿ ನಿಂತು ನೋಡಿದ್ದೆ, ಚಂದ್ರ ಬಹಳ ಹೊತ್ತು ತಾಮ್ರದ ತಟ್ಟೆಯ ಹಾಗೆ ಕೆಂಪಗಿದ್ದ. ಅಂದರೆ ಹಳೆಯ ನಿಯಮದಲ್ಲೂ ಹುಡುಗಿ ಒಳಗೇ ಇದ್ದಳು! ಇದನ್ನು ಸಂಪತ್‌ಗೆ ಹೇಳಬೇಕು ಅಂದುಕೊಂಡೆ.

"ಗ್ರಹಣ ಹಿಡಿದ ಹುಣ್ಣಿಮೆ ತಾನೇ ದುರ್ಗವ್ವ?"

"ಅಯ್ಯ, ಅಲ್ರೀ! ಗ್ರಹಣ ಹಿಡದಾಗ ಇಕಿ ಗ್ವಾಡಿ ಹಿಡಕೊಂಡು ಅಡ್ಡಾಡ್ತಿದ್ಲು. ಎಲ್ಲಾರೂ ಅಂಗಳದಾಗ ಮಲಗಿದ್ವಿ. ಇಕಿ ಎದ್ದು ಚಂದ್ರನ್ನ ನೋಡಾಕ ಹೊಂಟಿದ್ಲು, ನಾನs ಎತ್ತಿ ಒಳಗ ಒಯ್ದೆ. ಹುಟ್ಟಿದ್ದು ಅದರ ಹಿಂದಿನ ಕಾರಹುಣ್ಣಿಮಿಗೆ."

ಹಿಂದಿನ ಕಾರಹುಣ್ಣಿಮೆ. 2010. ಅಂದರೆ ಈಗ ಹದಿನೈದು ದಾಟಿದೆ.

"ಮತ್ತೆ ಶಾಲೆಯಲ್ಲಿ ಯಾಕೆ ಹಾಗೆ ಬರೆದರು?"

"ಕಿವಿ ಮುಟ್ಟಸ್ತಾರಲ್ರೀ? ಇಕೀದು ಗಿಡ್ಡ ಕೈ, ಮುಟ್ಟಲಿಲ್ಲ. ಮುಂದಿನ ವರ್ಷ ಬಾ ಅಂದ್ರು. ಮುಂದಿನ ವರ್ಷ ಹೋದ್ರ, ಈಗ ಆರು ಆತು ನೋಡು ಅಂತ ಬರಕೊಂಡ್ರು."

ಕಲಾವತಿ ಮಡಿಸುತ್ತಿದ್ದ ಲಂಗವನ್ನು ಹಾಗೇ ಹಿಡಿದಿದ್ದಳು. "ಹಂಗಾರ ನಂಗ ಹದಿನೈದಾ ಅಜ್ಜಿ?"

"ಹೂನ್ ಮತ್ತ."

ಅವಳು ನಕ್ಕಳು. ನಾನು ಮಂಡಕ್ಕಿ ತಿಂದು ಮುಗಿಸಿ ಬಂದೆ. ಯಶೋದಳಿಗೆ ಇನ್ನೂ ಹೇಳಿಲ್ಲ.

ನವೆಂಬರ್ 12, ಬುಧವಾರ

ಯಶೋದಳಿಗೆ ಹೇಳಿದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ನಿಮ್ಮ ಪೆನ್ಷನ್ ಬರ್ತಿರೋದು ಆಷಾಢದ ಲೆಕ್ಕದ ಮೇಲಾ, ಜೂನ್ ಒಂದರ ಲೆಕ್ಕದ ಮೇಲಾ?"

"ಅದೂ ಇದೂ ಒಂದೇನೇ?"

"ಒಂದೇ ಅಂತ ನಾನೆಲ್ಲಿ ಅಂದೆ? ಕೇಳಿದೆ ಅಷ್ಟೆ."

ನವೆಂಬರ್ 14, ಶುಕ್ರವಾರ

ಸುಮ್ಮನಿರುವುದೆಂದು ತೀರ್ಮಾನಿಸಿದೆ. ಕಾರಣಗಳಿವೆ. ಪಂದ್ಯಾವಳಿಗೆ ಬೇಕಾದದ್ದು ದಾಖಲೆ, ದಾಖಲೆ ಸರಿಯಾಗಿದೆ. ಎಲ್ಲ ತಂಡಗಳ ಮಕ್ಕಳೂ ದಾಖಲೆಯ ಮೇಲೆಯೇ ಆಡುತ್ತಾರೆ, ಅವರವರ ಅಜ್ಜಿಯರನ್ನು ಯಾರು ಕೇಳಿದ್ದಾರೆ? ಅಲ್ಲದೆ ಹುಡುಗಿ ಚೈತ್ರಳ ಕಿವಿಯವರೆಗೂ ಬರುವುದಿಲ್ಲ. ಎತ್ತರ, ತೂಕ, ವಯಸ್ಸು ಕೂಡಿಸುವ ಹಳೆಯ ಲೆಕ್ಕದಲ್ಲಾದರೆ ಸಲೀಸಾಗಿ ಒಳಗೆ ಬರುತ್ತಿದ್ದಳು. ಹಳೆಯ ಪದ್ಧತಿ ಅಷ್ಟೇನೂ ಕೆಟ್ಟದ್ದಲ್ಲ, ಯೋಚಿಸಿ ನೋಡಿದರೆ.

ಬೆಳಿಗ್ಗೆ ರೇವಂತ್ ಬರುವುದು ತಡವಾಯಿತು. ಅಂಕಣಕ್ಕೆ ಸುಣ್ಣದ ಗೆರೆ ನಾನೇ ಹಾಕಿದೆ. ಡೊಂಕಾಯಿತು. ಚೈತ್ರ ನೋಡಿ, "ತಾತ, ಇದು ಖೋಖೋ ಗ್ರೌಂಡಾ, ಹಾವಾ?" ಅಂದಳು. ಎಲ್ಲರೂ ಸೇರಿ ಕಾಲಿನಲ್ಲಿ ಅಳಿಸಿದರು. ಎರಡನೇ ಸಲ ಕಲಾವತಿ ಹಗ್ಗದ ಆ ತುದಿ ಹಿಡಿದಳು, ನೆಟ್ಟಗೆ ಬಂತು. ಇಬ್ಬರೂ ಕಾರಹುಣ್ಣಿಮೆಯ ಮಾತು ತೆಗೆಯಲಿಲ್ಲ.

ಚಪ್ಪಲಿಯೆಲ್ಲ ಬೆಳ್ಳಗಾಗಿದೆ.

ನವೆಂಬರ್ 18, ಮಂಗಳವಾರ

ಈ ಹುಡುಗಿ!

ರೇವಂತ್ ಗೇಟಿನಲ್ಲೇ ಹಿಡಿದುಕೊಂಡ. "ಸಾರ್, ನಿಮ್ಮ ಕಲಾವತಿ ಏನ್ ಮಾಡಿದ್ಲು ಗೊತ್ತಾ? ನಿನ್ನೆ ಸಂಜೆ ಸೀದಾ ಹೋಗಿ ತಿಮ್ಮಯ್ಯ ತಾತಂಗೆ ಹೇಳ್ಬಿಟ್ಟಿದ್ದಾಳೆ, ನಂಗೆ ಹದಿನೈದು, ನಾನು ಆಡಂಗಿಲ್ಲ ಅಂತ!"

"ಅವರೇನಂದ್ರು?"

"'ಪೇಪರ್ ಸರಿ ಐತಲ್ಲಮ್ಮಣ್ಣಿ, ಹೋಗು ಆಡ್ಕೋ. ಅಜ್ಜೀರ ಮಾತ್ ಹಿಡ್ಕಂಡ್ರೆ ನಂಗೂ ಎಂಬತ್ತೋ ತೊಂಬತ್ತೋ' ಅಂದ್ರು. ಇವಳು ಕೇಳ್ಬೇಕಲ್ಲ. ನೀವು ಮೀಟಿಂಗಲ್ಲಿ ಹೇಳಿದ್ದನ್ನ ಹಾಗೇ ಒಪ್ಪಿಸಿದ್ದಾಳೆ ಸಾರ್. ನಿಜವಾಗಿ ಹುಟ್ಟಿದ ದಿನ ಲೆಕ್ಕಕ್ಕೆ ಬರಬೇಕು ಅಂತ."

ಮೈದಾನಕ್ಕೆ ಬೇಗಬೇಗ ನಡೆದೆ. ಕಲಾವತಿ ಎಲ್ಲರನ್ನೂ ಅಂಕಣದಲ್ಲಿ ಕೂರಿಸಿ ಆಡಿಸುತ್ತಿದ್ದಳು. ಪಕ್ಕಕ್ಕೆ ಕರೆದೆ. ದಾಖಲೆ ಸರಿಯಿದೆ, ತಿಮ್ಮಯ್ಯನವರೇ ಒಪ್ಪಿದ್ದಾರೆ, ಇದು ನಿನಗೆ ಕೊನೆಯ ವರ್ಷ, ಸುಮ್ಮನೆ ಆಡು ಎಂದೆಲ್ಲ ಹೇಳಿದೆ. ಸಭೆಯಲ್ಲಿ ಮಾತಾಡಿದ್ದಕ್ಕಿಂತ ಹೆಚ್ಚು ಹೊತ್ತು ಮಾತಾಡಿದೆ ಅನ್ನಿಸುತ್ತದೆ.

ಅವಳು ಕೇಳಿಸಿಕೊಂಡು, "ನೀವೇ ಹೇಳಿದ್ರಲ್ಲ ತಾತ?" ಅಂದಳು.

"ಅದು ವಾದಕ್ಕೆ ಹೇಳಿದ್ದಮ್ಮ."

"ನಂಗೆ ಖರೇ ಅನಿಸ್ತು."

ಅಷ್ಟು ಹೊತ್ತಿಗೆ ಚೈತ್ರ ಓಡಿಬಂದಳು. "ಲೇ ಕಲಾ, ಬರ್ತೀಯೋ ಇಲ್ವೋ?"

"ಕಲಾ ಅಲ್ಲ. ಅಕ್ಕಾ ಅನ್ನು. ನಿನಗಿಂತ ಮೂರು ವರ್ಷ ದೊಡ್ಡಾಕಿ ನಾನು."

"ಹೋಗೇ! ನನ್ನ ಭುಜಕ್ಕೂ ಬರಲ್ಲ, ಅಕ್ಕನಂತೆ ಅಕ್ಕ!"

"ಅನ್ನಲಿಲ್ಲಂದ್ರೆ ಕಂಬ ತಿರುಗೋದು ಹೇಳ್ಕೊಡಲ್ಲ."

ಚೈತ್ರ ಆಕಾಶ ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಹಲ್ಲು ಕಚ್ಚಿಕೊಂಡು, "ಬಾರಕ್ಕಾ" ಅಂದಳು.

ಕಲಾವತಿಯ ಮುಖ ನೋಡಬೇಕಿತ್ತು. ಕಪ್ ಗೆದ್ದಿದ್ದರೂ ಅಷ್ಟು ಬೀಗುತ್ತಿರಲಿಲ್ಲ. ಹೋಗುವ ಮುಂಚೆ ಬಗ್ಗಿ ಶೂ ಲೇಸು ಕಟ್ಟಿಕೊಂಡಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ತಲೆ ಎತ್ತದೆಯೇ ಕೇಳಿದಳು:

"ತಾತ, ಒಂದು ಮೀಟಿಂಗ್‌ನಾಗ ರೂಲ್ ಬದಲಿ ಮಾಡ್ಸಿದ್ರಲ್ಲ, ಹದಿನೇಳರ ಟೀಮ್ ಮಾಡ್ಸೋಕೆ ಎಷ್ಟು ಮೀಟಿಂಗ್ ಬೇಕು?"

ಒಂಬತ್ತು ಹುಡುಗಿಯರು ಬೇಕು, ಮೀಟಿಂಗ್ ಅಲ್ಲ ಅಂದೆ. ಹೇಳಿದ ಮೇಲೆ ಅದು ಒಪ್ಪಿಕೊಂಡಂತೆಯೇ ಆಯಿತು ಅಂತ ಹೊಳೆಯಿತು.

ನವೆಂಬರ್ 21, ಶುಕ್ರವಾರ

ಎಸ್‌ಎಸ್‌ಎಲ್‌ಸಿ ಹುಡುಗಿಯರ ಮನೆಗಳಿಗೆ ಹೋಗಿ ಬಂದೆ. ಮೂರು ಮನೆಯಲ್ಲಿ ಕಾಫಿ, ಒಂದು ಮನೆಯಲ್ಲಿ ಬೈಗುಳ. ಜಯದೇವಿ ಎಂಬ ತಾಯಿ, "ಮಾರ್ಕ್ಸ್ ನೀವು ಕೊಡ್ತೀರಾ ಅಂಕಲ್?" ಎಂದು ಕೇಳಿದರು. ಬೆಳಿಗ್ಗೆ ಆರರಿಂದ ಏಳು, ಅಷ್ಟೇ, ಆಮೇಲೆ ಬೇಕಾದರೆ ಕನ್ನಡ ವ್ಯಾಕರಣ ನಾನು ಪುಕ್ಕಟೆ ಹೇಳಿಕೊಡುತ್ತೇನೆ ಅಂದೆ. ಯೋಚನೆ ಮಾಡುತ್ತಾರಂತೆ. ಕಾಫಿ ಚೆನ್ನಾಗಿತ್ತು.

ನವೆಂಬರ್ 23, ಭಾನುವಾರ

ಸೋತೆವು. ಫೈನಲ್‌ನಲ್ಲಿ, ಅದೇ ಶ್ರೀಗಂಧದ ಕಾವಲ್ ಎದುರು, ಎರಡು ಅಂಕದಲ್ಲಿ.

ಕಲಾವತಿ ತಂಡದ ಜೆರ್ಸಿ ಹಾಕಿಕೊಂಡೇ ಬಂದಿದ್ದಳು. ಮೇಲೆ ಸ್ವೆಟರ್. ಬಿಸಿಲೇರಿದರೂ ತೆಗೆಯಲಿಲ್ಲ, ಕುತ್ತಿಗೆಯ ಹತ್ತಿರ ಹಳದಿ ಅಂಚು ಕಾಣುತ್ತಿತ್ತು. ಹೊಸ ನಾಯಕಿ ಚೈತ್ರ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಹೆಸರು ಕರೆದರೂ ಏಳಲಿಲ್ಲ. ಕಲಾವತಿ ಹಿಂದಿನಿಂದ ಹೋಗಿ ಬೆನ್ನಿಗೆ ಅಂಗೈ ತಟ್ಟಿ "ಖೋ!" ಅಂದಳು. ಚೈತ್ರ ಛಂಗನೆ ಎದ್ದು ಓಡಿದಳು, ಅಭ್ಯಾಸಬಲ. ಅವಳು ಬಿಟ್ಟ ಜಾಗದಲ್ಲಿ ಇವಳು ಕೂತಳು. ನಾನು ಕನ್ನಡಕ ಒರೆಸಿಕೊಂಡೆ. ಧೂಳಿತ್ತು.

ಚೈತ್ರ ಕಂಬ ತಿರುಗಿದ್ದನ್ನು ತಿಮ್ಮಯ್ಯನವರು ಊರಿಗೆಲ್ಲ ಹೇಳುತ್ತಿದ್ದಾರೆ. ಅದು ಯಾರ ತಿರುವು ಅಂತ ನನಗೆ ಗೊತ್ತು, ಅವಳಿಗೂ ಗೊತ್ತು.

ಆ ಎತ್ತರದ ಶೈಲಾ ಈ ವರ್ಷ ಇನ್ನೂ ಎತ್ತರವಾಗಿದ್ದಾಳೆ. ಉದ್ದನೆಯ ಕೈ ಚಾಚಿ ನಮ್ಮವರನ್ನು ಒಬ್ಬೊಬ್ಬರನ್ನೇ ಮುಟ್ಟಿದಳು. ಬಹಳ ಸೊಗಸಾದ ಆಟ. ಬಹುಮಾನ ಹಂಚಿಕೆಯಾದ ಮೇಲೆ ಅವಳ ಹತ್ತಿರ ಹೋದೆ.

"ಎಷ್ಟಮ್ಮ ನಿನ್ನ ವಯಸ್ಸು?"

ಅವಳ ಕೋಚ್ ನಡುವೆ ಬಂದ. "ಪೇಪರ್ಸ್ ಎಲ್ಲಾ ಪಕ್ಕಾ ಇದೆ ಸಾರ್. ಹದಿಮೂರು. ಬೇಕಾದ್ರೆ ನೋಡಿ."

"ಬೇಡಪ್ಪ, ನೋಡೋಕಲ್ಲ. ನಾವು ಹದಿನೇಳರ ಟೀಮ್ ಕಟ್ತಾ ಇದೀವಿ. ಐದು ಜನ ಆಗಿದ್ದಾರೆ. ಚಿಕ್ಕವರು ದೊಡ್ಡವರ ಟೀಮಲ್ಲಿ ಆಡೋಕೆ ಅಡ್ಡಿ ಇಲ್ಲವಲ್ಲ, ಅದಕ್ಕೆ ಕೇಳಿದೆ."

ಕೋಚ್ ಯಾರೋ ಕರೆದರೆಂದು ಆಚೆ ಹೋದ. ಶೈಲಾ ಕಾಲಿನ ಹೆಬ್ಬೆರಳಲ್ಲಿ ನನ್ನ ಸುಣ್ಣದ ಗೆರೆ ಕೆದಕುತ್ತ ನಿಂತಿದ್ದಳು. ಕಲಾವತಿ ಹೋಗಿ ಪಕ್ಕದಲ್ಲಿ ನಿಂತಳು, ಅವಳ ಭುಜಕ್ಕಿಂತ ತುಸು ಕೆಳಗೆ.

"ಯಾವ ಊರು ನಿಂದು?" ಎಂದು ಕಲಾವತಿ ಕೇಳಿದಳು.

"ಸಿಂಧನೂರು ಕಡೆ."

"ಹುಟ್ಟಿದ್ದು ಯಾವಾಗ?"

ಶೈಲಾ ಕೋಚ್ ಹೋದ ದಿಕ್ಕನ್ನು ಒಮ್ಮೆ ನೋಡಿದಳು. ಆಮೇಲೆ ಅವಳ ತುಟಿ ಅಂಚಿನಲ್ಲಿ ನಗು ಬಂತು.

"ಜೂನ್ ಒಂದು."

ನವೆಂಬರ್ 27, ಗುರುವಾರ

ಆರು ಗಂಟೆಗೆ ಮೈದಾನ. ಚಳಿ ಚೆನ್ನಾಗಿದೆ. ಶೈಲಾ ಮೊದಲ ಬಸ್ಸಿಗೇ ಬಂದಿದ್ದಳು. ಜಯದೇವಿಯವರ ಮಗಳೂ ಬಂದಳು, ವ್ಯಾಕರಣದ ಪುಸ್ತಕ ಸಮೇತ. ಚೈತ್ರಳನ್ನು ಸೇರಿಸಿಕೊಂಡರೂ ಎಂಟೇ ಜನ. ಓಡಲು ಚಿಕ್ಕವರ ತಂಡ ಸಿದ್ಧವಿತ್ತು, ಹಿಡಿಯುವ ಕಡೆಗೆ ಒಬ್ಬರು ಕಡಿಮೆ.

"ತಾತ, ಸುಮ್ಮನೆ ನಿಂತಿದ್ದೀರಲ್ಲ, ಕೊನೇ ಚೌಕದಾಗ ಕೂತ್ಕೊಳ್ಳಿ. ನಿಮಗೆ ಖೋ ಕೊಡಲ್ಲ, ಹೆದರಬ್ಯಾಡ್ರಿ" ಅಂದಳು ಕಲಾವತಿ.

ಕುಕ್ಕರಗಾಲಿನಲ್ಲಿ ಕೂತೆ. ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರಬೇಕು. ನನಗೆ ಸಿಕ್ಕಿದ್ದು ಪೂರ್ವ. ಸೂರ್ಯ ಆಗಷ್ಟೇ ನೀರಿನ ಟ್ಯಾಂಕಿನ ಮೇಲೆ ಬರುತ್ತಿದ್ದ. ಹಿಂದೆ ಕಾಲುಗಳ ಸದ್ದು ಹತ್ತಿರ ಬಂತು, ದೂರ ಹೋಯಿತು, ಮತ್ತೆ ಹತ್ತಿರ ಬಂತು. ಇದ್ದಕ್ಕಿದ್ದಂತೆ ಬೆನ್ನಿಗೆ ಅಂಗೈ ಬಿತ್ತು.

"ಖೋ!"

ಸುಳ್ಳುಬುರುಕಿ. ಎದ್ದು ಓಡಿದೆ. ಯಾರನ್ನೂ ಮುಟ್ಟಲಾಗಲಿಲ್ಲ, ಅದು ಬೇರೆ ಮಾತು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಬೇಕು, ಯಶೋದ ನೋಡದ ಹಾಗೆ.